ಚಲಿಸುವ ಅಕ್ಷರವೂ ಅದರ ಹಿನ್ನೆಲೆಯೂ

ಗೆರೆ ಹಾಕಿದ ನೋಟುಬುಕ್ಕಿನಲ್ಲಿ ಬರೆದ ಅಕ್ಷರವು ತನ್ನ ಗೆರೆಯನ್ನು ಬಿಟ್ಟು ಎಲ್ಲಿಗೂ ಹೋಗಲಾರದು. ಕಾಗದದ ಮೇಲೆ ಬರಹಕ್ಕೂ ಅದರ ಹಿನ್ನೆಲೆಗೂ ವಿರಸವೇ ಇಲ್ಲ. ಆದರೆ ಕಂಪ್ಯೂಟರಿನ ಪರದೆಯ ಮೇಲೆ ಅಕ್ಷರಗಳು ಚಲಿಸುತ್ತವೆ. ಆಗ ಹಿಂದಿನ ಚಿತ್ರವೂ ಜೊತೆಯಲ್ಲಿ ಚಲಿಸಬೇಕೆ, ನಿಂತಲ್ಲಿಯೇ ನಿಲ್ಲಬೇಕೆ? ಈ ಪ್ರಶ್ನೆಯನ್ನು ಇಲ್ಲಿ ಸ್ವಲ್ಪ ವಿಚಾರಮಾಡೋಣ.

ಕಲಾ ವಿಭಾಗದ ವಿದ್ಯಾರ್ಥಿಗಳಿಗೆ ಇದರ ಗೊಡವೆ ಏಕೆಂದು ಕೆಲವರು ಕೇಳಬಹುದು. ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ವೈಟ್‌ಫೀಲ್ಡಿನಲ್ಲಿಯೂ ಜಾಲಪುಟಗಳನ್ನು ರೂಪಿಸುವವರು ಬಹು ಮಂದಿ ಇದ್ದಾರೆ. ಆ ಪುಟಗಳನ್ನು ಕನ್ನಡದಲ್ಲಿ ಓದತಕ್ಕವರು ನಾವು. ಕನ್ನಡದ ಅಕ್ಷರಕ್ಕೆ ಒತ್ತು, ದೀರ್ಘ, ಕೊಂಬುಗಳಿವೆಯೆಂಬುದನ್ನು ಚೆನ್ನಾಗಿ ಬಲ್ಲವರೂ ನಾವೇ. ಆದುದರಿಂದ ಈ ವಿಷಯ ನಮ್ಮದೂ ಹೌದು.

ಜಾಲಪುಟದ ಬಣ್ಣ, ಅಳತೆ, ಅಲಂಕಾರಗಳನ್ನು ನಿರ್ಣಯಿಸುವ ನಿಯಮಗಳಿಗೆ ಸಿಎಸ್‌ಎಸ್ ಎಂದು ಹೆಸರು. ಅದರ ಮೊದಲನೆಯ ನಿಯಮಾವಳಿ 1996ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಹಿನ್ನೆಲೆಯ ಚಿತ್ರ ಯಾವುದಕ್ಕೆ ಅಂಟಿಕೊಂಡಿರಬೇಕೆಂಬುದನ್ನು ‘ಬ್ಯಾಕ್‌ಗ್ರೌಂಡ್-ಅಟ್ಯಾಚ್‌ಮೆಂಟ್’ ಎಂಬ ನಿಯಮ ಹೇಳುತ್ತದೆ. ಅದಕ್ಕೆ ಮೊದಲು ‘ಸ್ಕ್ರೋಲ್’, ‘ಫಿಕ್ಸೆಡ್’ ಎಂಬ ಎರಡೇ ವಿಧಗಳಿದ್ದವು. ‘ಲೋಕಲ್’ ಎಂಬುದು ಮೂರನೆಯ ಹಂತದ ನಿಯಮಾವಳಿಯಲ್ಲಿ ಬಂದು ಸೇರಿತು.

ಈ ಮೂರನ್ನೂ ತಿಳಿಯಲು ಮೆಜೆಸ್ಟಿಕ್ಕಿನಿಂದ ಕಾಡುಗೋಡಿಗೆ ಹೋಗುವ ಬಸ್ಸೊಂದನ್ನು ನೆನೆಯಿರಿ. ಪುಟದೊಳಗೆ ತಾನೇ ಪ್ರತ್ಯೇಕವಾಗಿ ಸ್ಕ್ರೋಲ್ ಆಗುವ ಒಂದು ಚೌಕವೇ ಈ ಬಸ್ಸು; ಚೌಕದೊಳಗಿನ ಬರಹವೇ ಪ್ರಯಾಣಿಕರು. ಬಸ್ಸಿನ ಒಳಗೋಡೆಗೆ ಅಂಟಿಸಿದ ಜಾಹೀರಾತು ಬಸ್ಸು ಹೋದಂತೆ ಹೋಗುತ್ತದೆ. ಆದರೆ ಪ್ರಯಾಣಿಕರು ಮುಂದಕ್ಕೆ ಸರಿದರೆ ಅದು ಸರಿಯುವುದಿಲ್ಲ. ಇದು ‘ಸ್ಕ್ರೋಲ್’. ಕಿಟಕಿಯಲ್ಲಿ ಕಾಣುವ ಚಂದ್ರನು ಬಸ್ಸಿಗೂ ಪ್ರಯಾಣಿಕರಿಗೂ ಸೇರಿದವನಲ್ಲ. ಕಿಟಕಿಯಿರುವಷ್ಟು ಜಾಗದಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಾನೆ. ಇದು ‘ಫಿಕ್ಸೆಡ್’, ಇಲ್ಲಿ ಚಿತ್ರದ ಸ್ಥಾನವನ್ನು ಬ್ರೌಸರಿನ ಇಡೀ ಕಿಟಕಿಯಿಂದ ಅಳೆಯುತ್ತಾರೆ. ಪ್ರಯಾಣಿಕರು ಉಟ್ಟ ಬಟ್ಟೆಯ ಮೇಲಿನ ಹೂವಾದರೋ ಅವರು ಸರಿದಲ್ಲಿಗೆ ಸರಿಯುತ್ತದೆ. ಇದು ‘ಲೋಕಲ್’.

ಇಲ್ಲಿ ಹೆಸರಿನಿಂದಲೇ ಒಂದು ಗೊಂದಲ ಹುಟ್ಟುತ್ತದೆ. ‘ಸ್ಕ್ರೋಲ್’ ಎಂದ ಮೇಲೆ ಬರಹದೊಡನೆ ಚಿತ್ರವೂ ಸ್ಕ್ರೋಲ್ ಆಗುವುದೆಂದು ಯಾರಾದರೂ ತಿಳಿಯುವರು. ಹಾಗಲ್ಲ. ಇಡೀ ಪುಟ ಸರಿದಾಗ ಮಾತ್ರ ಚೌಕದೊಡನೆ ಚಿತ್ರ ಸರಿಯುತ್ತದೆ. ಚೌಕದ ಒಳಗಿನ ಬರಹ ಸರಿದಾಗ ಚಿತ್ರ ಅಲುಗುವುದಿಲ್ಲ. ನಾವು ಏನನ್ನೂ ಹೇಳದಿದ್ದರೆ ಬ್ರೌಸರು ಅನುಸರಿಸುವುದು ಈ ಕ್ರಮವನ್ನೇ.

ಇದರ ಪರಿಣಾಮವನ್ನು ಲೆಕ್ಕದಿಂದ ನೋಡೋಣ. ಒಂದು ಚೌಕದಲ್ಲಿ ಕನ್ನಡ ಬರಹವಿದೆ. ಪ್ರತಿ ಸಾಲಿನ ಎತ್ತರ 32 ಪಿಕ್ಸೆಲ್. ನೋಟುಬುಕ್ಕಿನಂತೆ ಕಾಣಲೆಂದು ಪ್ರತಿ 32 ಪಿಕ್ಸೆಲಿಗೆ ಒಂದು ಗೆರೆ ಬರುವ ಹಿನ್ನೆಲೆಯನ್ನು ಹಾಕಿದ್ದೇವೆ. ಮೊದಲ ನೋಟಕ್ಕೆ ಎಲ್ಲವೂ ಸೊಗಸು. ಓದುಗನು ಬರಹವನ್ನು 20 ಪಿಕ್ಸೆಲ್ ಮೇಲಕ್ಕೆ ಸರಿಸಿದನೆನ್ನಿ. ಅಕ್ಷರ ಸರಿಯಿತು, ಗೆರೆ ನಿಂತಿತು. ಸಾಲಿನ ಕೆಳಗಿದ್ದ ಗೆರೆ ಈಗ ಮುಂದಿನ ಸಾಲಿನ ತಲೆಯಿಂದ 20 ಪಿಕ್ಸೆಲ್ ಕೆಳಗೆ, ಅಂದರೆ ಅಕ್ಷರಗಳ ಮೈಮೇಲೆಯೇ, ಹಾಯುತ್ತದೆ; ಹೊಡೆದುಹಾಕಿದ ಬರಹದಂತೆ ಕಾಣುತ್ತದೆ. ಇನ್ನೂ ಸ್ವಲ್ಪ ಸರಿಸಿದರೆ ಗೆರೆ ಒತ್ತಕ್ಷರಗಳ ಮೇಲೆ ಬಂದು, ‘ತ್ತ’ಕ್ಕೂ ‘ತ್ನ’ಕ್ಕೂ ಭೇದ ತಿಳಿಯದಂತೆ ಮಾಡಬಹುದು. 32, 64, 96 ಹೀಗೆ ಸರಿಯಾದ ಮಡಿಕೆಯಷ್ಟು ಸರಿದಾಗ ಮಾತ್ರ ಮತ್ತೆ ಹೊಂದುತ್ತದೆ.

ಇದು ಕೇವಲ ಅಂದಚಂದದ ಮಾತಲ್ಲ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಉದ್ದನೆಯ ಪಟ್ಟಿಯನ್ನು ಒಬ್ಬ ಕೆಲಸಗಾರ ಮೊಬೈಲಿನಲ್ಲಿ ಓದುತ್ತಿದ್ದಾನೆಂದು ಭಾವಿಸಿ. ಕಣ್ಣು ಸಾಲು ತಪ್ಪದಿರಲೆಂದೇ ಸಾಲು ಬಿಟ್ಟು ಸಾಲಿಗೆ ಬಣ್ಣದ ಪಟ್ಟೆ ಹಾಕುತ್ತಾರೆ. ಪಟ್ಟೆ ನಿಂತು ಹೆಸರುಗಳು ಸರಿದರೆ, ಒಂದೇ ಪಟ್ಟೆಯಲ್ಲಿ ಎರಡು ಸಾಲುಗಳ ತುಂಡುಗಳು ಸೇರುತ್ತವೆ. ಒಂದು ಬೋಲ್ಟಿನ ಅಳತೆಯನ್ನು ಇನ್ನೊಂದಕ್ಕೆ ಓದಿಬಿಡುವುದು ಆಗ ಸುಲಭ. ನೆರವಾಗಬೇಕಾದ ಪಟ್ಟೆಯೇ ದಾರಿ ತಪ್ಪಿಸಿದಂತಾಯಿತು. ನಮ್ಮ ಪರೀಕ್ಷೆಯ ಅಂಕಪಟ್ಟಿಗೂ ಈ ಮಾತು ಸಲ್ಲುತ್ತದೆ.

ಪರಿಹಾರ ಸುಲಭವಾದುದು: ಇಂಥ ಚೌಕಕ್ಕೆ ‘ಲೋಕಲ್’ ಎಂದು ಬರೆದರೆ ಸಾಕು. ಗೆರೆಗಳ ಅಂತರವೂ ಸಾಲಿನ ಎತ್ತರವೂ ಒಂದೇ ಇರಬೇಕು. ಚೌಕದ ಮೇಲಂಚಿನಲ್ಲಿ ಬಿಟ್ಟ ಜಾಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಾಗೆಂದು ಎಲ್ಲೆಡೆಯೂ ‘ಲೋಕಲ್’ ಒಳ್ಳೆಯದೆಂದು ಹೇಳಲಾಗದು. ಅದರಲ್ಲಿ ಚಿತ್ರದ ಅಳತೆಯನ್ನು ಕಣ್ಣಿಗೆ ಕಾಣುವ ಚೌಕದಿಂದಲ್ಲ, ಒಳಗೆ ಅಡಗಿರುವ ಬರಹದ ಪೂರ್ಣ ಉದ್ದದಿಂದ ಎಣಿಸುತ್ತಾರೆ. ಆದುದರಿಂದ ಚೌಕವನ್ನು ತುಂಬಲೆಂದು ‘ಕವರ್’ ಎಂಬ ಅಳತೆ ಕೊಟ್ಟ ಛಾಯಾಚಿತ್ರವು ಉದ್ದನೆಯ ಪಟ್ಟಿಯ ಹಿಂದೆ ವಿಪರೀತ ಹಿಗ್ಗಿ, ಅದರ ಒಂದು ಮೂಲೆ ಮಾತ್ರ ಕಾಣುವುದುಂಟು. ಅಂಥ ಚಿತ್ರಕ್ಕೂ ಸಂಸ್ಥೆಯ ಲಾಂಛನಕ್ಕೂ ‘ಸ್ಕ್ರೋಲ್’ ಯೋಗ್ಯ. ‘ಫಿಕ್ಸೆಡ್’ಗೂ ಒಂದು ಮಿತಿಯಿದೆ: ಚೌಕವನ್ನು ತಿರುಗಿಸುವ ಅಥವಾ ಹಿಗ್ಗಿಸುವ ‘ಟ್ರಾನ್ಸ್‌ಫಾರ್ಮ್’ ನಿಯಮ ಅದರ ಮೇಲಿದ್ದರೆ, ‘ಫಿಕ್ಸೆಡ್’ ಎಂದು ಬರೆದರೂ ಅದು ‘ಸ್ಕ್ರೋಲ್’ ಎಂದೇ ಪರಿಗಣಿತವಾಗತಕ್ಕದ್ದು.

ಹೀಗೆ, ಹಿನ್ನೆಲೆಯ ಅರ್ಥವು ಅಕ್ಷರಕ್ಕೆ ಸಂಬಂಧಿಸಿದ್ದರೆ ಅದು ಅಕ್ಷರದೊಡನೆ ಹೋಗಬೇಕು. ಚೌಕಕ್ಕೆ ಸಂಬಂಧಿಸಿದ್ದರೆ ಚೌಕದೊಡನೆ ಇರಬೇಕು. ಆಸಕ್ತರಾದ ಮಿತ್ರರು ಕಾಲೇಜಿನ ಕಂಪ್ಯೂಟರಿನಲ್ಲಿ ಹತ್ತು ಸಾಲಿನ ಬರಹವನ್ನು ಚಿಕ್ಕ ಚೌಕದಲ್ಲಿಟ್ಟು, ಮೂರು ವಿಧಗಳನ್ನೂ ಒಂದೊಂದಾಗಿ ಬದಲಿಸಿ ನೋಡಬೇಕು. ಬರಹ ಮಾತ್ರ ಕನ್ನಡದ್ದಾಗಿರಲಿ; ಒತ್ತಕ್ಷರಗಳು ಧಾರಾಳವಾಗಿ ಇರಲಿ.