ಒಂದೇ ಸಮೀಕರಣ, ಎರಡು ಉತ್ತರ

ಕನ್ನಡ ಮಾಧ್ಯಮದ ವಿದ್ಯಾರ್ಥಿ 'ಚರಾಕ್ಷರ' ಎನ್ನುವುದನ್ನು ಮರಾಠಿ ಮಾಧ್ಯಮದವನು 'ಚಲ' ಎನ್ನುತ್ತಾನೆ. 'ಬೀಜಗಣಿತ' ಮಾತ್ರ ಇಬ್ಬರಿಗೂ ಒಂದೇ. ಹೆಸರಿನಲ್ಲಿ ಬೀಜವಿದ್ದರೂ ಆ ತರಗತಿಯಲ್ಲಿ ಜೀವದ ಮಾತು ಬರುವುದು ವಿರಳ. ಆದರೆ ಜೀವಕೋಶದ ವ್ಯವಹಾರವನ್ನೇ ಸಮೀಕರಣಗಳಲ್ಲಿ ಬರೆಯುವ ಸಂಶೋಧನೆಗೆ ಅರ್ಧ ಶತಮಾನ ಮೀರಿದೆ. 1969ರಲ್ಲಿ ಸ್ಟುವರ್ಟ್ ಕೌಫ್‌ಮನ್ ಅವರು ವಂಶವಾಹಿಗೆ 'ಇದೆ', 'ಇಲ್ಲ' ಎಂಬ ಎರಡೇ ಸ್ಥಿತಿಗಳೆಂದು ಭಾವಿಸಿ ಅವುಗಳ ಜಾಲವನ್ನು ಪರಿಶೀಲಿಸಿದರು.

ಪಾಠಕ್ಕೆ ಒಪ್ಪುವ ಉದಾಹರಣೆ ಇ. ಕೋಲೈ ಎಂಬ ಬ್ಯಾಕ್ಟೀರಿಯ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಳತಂದು ಒಡೆಯುವ ಪ್ರೋಟೀನುಗಳನ್ನು ಅದು ಸದಾ ತಯಾರಿಸುವುದಿಲ್ಲ. ಈ ನಿಯಂತ್ರಣದ ಬಗೆಯನ್ನು 1961ರಲ್ಲಿ ಜಾಕೋಬ್ ಮತ್ತು ಮೊನೋ ವಿವರಿಸಿದರು. ಸರಳಗೊಳಿಸಿ ಹೇಳುವುದಾದರೆ ಷರತ್ತುಗಳು ಎರಡು: ಗ್ಲೂಕೋಸ್ ಇರಬಾರದು, ಕೋಶದೊಳಗೆ ಲ್ಯಾಕ್ಟೋಸ್ ಇರಬೇಕು.

'ಇದೆ' ಎಂಬುದಕ್ಕೆ 1, 'ಇಲ್ಲ' ಎಂಬುದಕ್ಕೆ 0 ಇರಲಿ; 1+1=0 ಎಂಬ ನಿಯಮವಿರಲಿ. ಆಗ 'ಎರಡೂ ಬೇಕು' ಎಂಬುದು ಗುಣಾಕಾರವಾಗುತ್ತದೆ. ಒಂದನ್ನು ಕೂಡಿದರೆ ನಿಷೇಧವಾಗುತ್ತದೆ. ಹೊರಗಿನ ಗ್ಲೂಕೋಸ್ ಗ, ಹೊರಗಿನ ಲ್ಯಾಕ್ಟೋಸ್ ಲ. ಕೋಶದೊಳಗಿನ ಆರ್‌ಎನ್‌ಎ ಸಂದೇಶ ಸ, ಪ್ರೋಟೀನು ಪ, ಒಳಗಿನ ಲ್ಯಾಕ್ಟೋಸ್ ಒ. ಮರುಗಳಿಗೆಯ ಬೆಲೆಗಳು ಇವು:

ಸ = (1+ಗ)×ಒ
ಪ = ಸ
ಒ = ಲ×ಪ

ಈ ಬೆಲೆಗಳು ಬದಲಾಗದೆ ನಿಂತರೆ ಅದು ಸ್ಥಿರಸ್ಥಿತಿ. ಗ್ಲೂಕೋಸ್ ಇದ್ದರೆ ಮೂರೂ 0, ಬೇರೆ ಉತ್ತರವಿಲ್ಲ. ಗ್ಲೂಕೋಸ್ ಇಲ್ಲದೆ ಲ್ಯಾಕ್ಟೋಸ್ ಇದ್ದಾಗ ಸ=ಪ=ಒ; ಆದ್ದರಿಂದ ಮೂರೂ 0 ಅಥವಾ ಮೂರೂ 1. ಇಲ್ಲಿ ವಿದ್ಯಾರ್ಥಿ ತಪ್ಪು ಹುಡುಕತೊಡಗುತ್ತಾನೆ. ಎರಡು ಉತ್ತರ ಬಂದರೆ ಒಂದನ್ನು ಹೊಡೆದುಹಾಕುವ ಅಭ್ಯಾಸವನ್ನು ಶಾಲೆಯೇ ಕಲಿಸಿದೆಯಲ್ಲ! ಆದರೆ 1957ರಲ್ಲಿಯೇ ನೋವಿಕ್ ಮತ್ತು ವೀನರ್ ಇದನ್ನು ಪ್ರಯೋಗದಲ್ಲಿ ಕಂಡಿದ್ದರು. ಲ್ಯಾಕ್ಟೋಸಿನ ಬದಲು ಕೋಶವು ಒಡೆಯಲಾಗದ ಕೃತಕ ಪ್ರೇರಕವನ್ನು ಮಿತವಾಗಿ ಕೊಟ್ಟಾಗ, ಒಂದೇ ದ್ರವದಲ್ಲಿ ಕೆಲವು ಕೋಶಗಳು ಕಿಣ್ವ ತಯಾರಿಸಿದವು, ಕೆಲವು ತಯಾರಿಸಲಿಲ್ಲ. ಸಂತತಿಯೂ ಅದೇ ಸ್ಥಿತಿಯನ್ನು ಉಳಿಸಿಕೊಂಡಿತು. ಪರಿಸರವೊಂದೇ; ಬೇರೆಯಾದದ್ದು ಹಿಂದಿನ ಸ್ಥಿತಿ.

ಅಧ್ಯಾಪಕರು ಅವಸರಿಸದೆ ನಿಲ್ಲಬೇಕಾದ ಜಾಗವೂ ಒಂದಿದೆ. 1,0,0ರಿಂದ ಹೊರಟರೆ 0,1,0, ಬಳಿಕ 0,0,1, ಮತ್ತೆ 1,0,0, ಗಾಣದೆತ್ತಿನ ಸುತ್ತಾಟ. ಇದು ಬ್ಯಾಕ್ಟೀರಿಯದ ಗುಣವಲ್ಲ. ಮೂರೂ ಏಕಕಾಲಕ್ಕೆ ಬದಲಾಗುತ್ತವೆಂಬ ನಮ್ಮ ಊಹೆಯ ಫಲ. ಕೋಶದೊಳಗೆ ಗಂಟೆ ಬಾರಿಸುವ ಜವಾನನಿಲ್ಲ. ಒಂದೊಂದಾಗಿ ಬದಲಿಸಿ ನೋಡಿದರೆ, ಮೊದಲು ಸ ಬದಲಾದಾಗ ಎಲ್ಲವೂ 0. ಪ, ಅನಂತರ ಒ ಬದಲಾದಾಗ ಎಲ್ಲವೂ 1.

ಮೂರು ಚರಾಕ್ಷರಗಳಿಗೆ 8 ಸ್ಥಿತಿಗಳು, ಇಪ್ಪತ್ತಕ್ಕೆ 10,48,576. ಅಲ್ಲಿ ಪಟ್ಟಿ ಬರೆಯುವುದು ಸಾಗದು. 2004ರಲ್ಲಿ ಲೌಬೆನ್‌ಬಾಕರ್ ಮತ್ತು ಸ್ಟಿಗ್ಲರ್ ವಿಲೋಮ ದಾರಿ ಹಿಡಿದರು: ಅಳತೆಗಳಿಂದ ಬಹುಪದೋಕ್ತಿಗೆ. ಅಳತೆಗಳು ಕಡಿಮೆಯಿದ್ದಾಗ ಹೊಂದುವ ಬಹುಪದೋಕ್ತಿಗಳು ಅನೇಕ. ಅವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದೇ ಅಲ್ಲಿಯ ಪ್ರಶ್ನೆ.