ಬಾವಿಯ ನೀರೂ ಗಾಳಿಯ ಭಾರವೂ

ಪಂಪು ನೀರನ್ನು ಎಳೆಯುತ್ತದೆಂದು ನಾವೆಲ್ಲರೂ ವಾಡಿಕೆಯಾಗಿ ಹೇಳುತ್ತೇವೆ. ವಾಸ್ತವವಾಗಿ ಅದು ಕೊಳವೆಯೊಳಗಿನ ಗಾಳಿಯನ್ನು ತೆಗೆದುಬಿಡುವದಷ್ಟೇ. ನೀರನ್ನು ಮೇಲಕ್ಕೆ ದೂಡುವದು ಬಾವಿಯ ಮೇಲಿರುವ ವಾಯುಮಂಡಲದ ಭಾರ. ಎತ್ತರಕ್ಕೆ ಏರಿದಷ್ಟೂ ನಮ್ಮ ತಲೆಯ ಮೇಲಣ ಗಾಳಿಯು ಕಡಿಮೆಯಾಗುವದರಿಂದ ಈ ಭಾರವೂ ಕಡಿಮೆಯಾಗುತ್ತದೆ.

ಇದನ್ನು ಪರೀಕ್ಷಿಸಿ ತೋರಿಸಿದ್ದು ಫ್ರಾನ್ಸ್ ದೇಶದಲ್ಲಿ. ಪಾಸ್ಕಲ್ ಎಂಬ ಪಂಡಿತನ ಕೋರಿಕೆಯಂತೆ ಅವನ ಅಕ್ಕನ ಗಂಡನಾದ ಪೆರಿಯೇ ಎಂಬವನು ೧೬೪೮ನೆಯ ಇಸವಿ ಸೆಪ್ಟೆಂಬರ್ ೧೯ರಂದು ಪಾದರಸದ ಕೊಳವೆಯನ್ನು ಪ್ವಿ ದ ದೋಮ್ ಬೆಟ್ಟಕ್ಕೆ ಒಯ್ದನು. ಶಿಖರದಲ್ಲಿ ಪಾದರಸವು ಮೂರು ಅಂಗುಲಕ್ಕೂ ಹೆಚ್ಚಾಗಿ ಇಳಿಯಿತು. ಕೆಳಗೆ ಮಠದ ತೋಟದಲ್ಲಿ ಒಬ್ಬ ಪಾದ್ರಿಯು ನೋಡುತ್ತಿದ್ದ ಇನ್ನೊಂದು ಕೊಳವೆಯಲ್ಲಿಯಾದರೋ ಅದು ದಿನವೆಲ್ಲಾ ಕದಲಲಿಲ್ಲ. ಈ ಎರಡನೆಯ ಕೊಳವೆಯೇ ಪರೀಕ್ಷೆಯ ಜಾಣತನವೆಂದು ನಮಗೆ ತೋರುತ್ತದೆ.

ನಾವಂತೂ ಬೆಟ್ಟವನ್ನು ಹುಡುಕಬೇಕಾಗಿಲ್ಲ; ಬೆಂಗಳೂರಿಗರ ಮನೆಗಳೇ ಎತ್ತರದಲ್ಲಿವೆ. ಮಂಗಳೂರಿನ ಕಡಲ ತೀರದಲ್ಲಿ ಸುಮಾರು ೭೬ ಸೆಂಟಿಮೀಟರ್ ನಿಲ್ಲುವ ಪಾದರಸವು, ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರ್ ಮೇಲಿರುವ ವೈಟ್‌ಫೀಲ್ಡ್, ಪೀಣ್ಯ ಮೊದಲಾದ ಸ್ಥಳಗಳಲ್ಲಿ ೬೮ರ ಆಸುಪಾಸಿನಲ್ಲಿಯೂ ನಂದಿಬೆಟ್ಟದ ಮೇಲೆ ೬೪ರ ಆಸುಪಾಸಿನಲ್ಲಿಯೂ ನಿಲ್ಲುತ್ತದೆ. ಇದೇ ಕಾರಣದಿಂದ ನಮ್ಮ ಅಡಿಗೆಮನೆಯ ನೀರು ೧೦೦ ಡಿಗ್ರಿಗೆ ಬದಲಾಗಿ ಸುಮಾರು ೯೭ಕ್ಕೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆಯು ತಡವಾಗಿ ಬೆಂದರೆ ಸೊಸೆಯನ್ನು ದೂರಬಾರದು!

ಪಾದರಸವು ನೀರಿಗಿಂತ ೧೩.೬ ಪಟ್ಟು ಭಾರವಾದದ್ದು. ಲೆಕ್ಕಹಾಕಿದರೆ, ಗಾಳಿಯು ನೀರನ್ನು ಮಂಗಳೂರಿನಲ್ಲಿ ೧೦.೩ ಮೀಟರ್, ಇಲ್ಲಿ ಸುಮಾರು ೯.೨ ಮೀಟರ್ ಮಾತ್ರ ಎತ್ತಬಲ್ಲದು. ಕೊಳವೆಯ ಘರ್ಷಣೆ, ಸಂದುಗಳ ಸೋರಿಕೆ ಇವುಗಳನ್ನು ಕಳೆದರೆ ಕೈಗೆ ಬರುವದು ಆರೇಳು ಮೀಟರ್. ಮೇಲೆ ಎಷ್ಟು ದೊಡ್ಡ ಮೋಟಾರನ್ನು ಕೂರಿಸಿದರೂ ಈ ಮಿತಿಯು ಮೀರದು. ಅದಕ್ಕೆ ಸುರಿದ ಹಣವು ವ್ಯರ್ಥವೇ. ಆದಕಾರಣವೇ ತೆರೆದ ಬಾವಿಗಳಲ್ಲಿ ನೀರು ತಗ್ಗಿದಂತೆ ಪಂಪನ್ನೂ ಬಾವಿಯೊಳಕ್ಕೆ ಇಳಿಸುತ್ತಿದ್ದರು. ಈಗ ವೈಟ್‌ಫೀಲ್ಡಿನ ಸುತ್ತಮುತ್ತ ಸಾವಿರ ಅಡಿಗೂ ಮೀರಿದ ಕೊಳವೆಬಾವಿಗಳಿರುವದರಿಂದ ಮೋಟಾರನ್ನೂ ಪಂಪನ್ನೂ ನೀರಿನೊಳಗೇ ಮುಳುಗಿಸುತ್ತಾರೆ. ಅದು ಕೆಳಗಿನಿಂದ ದೂಡುವದು. ಅದಕ್ಕೆ ಗಾಳಿಯ ಸಹಾಯ ಬೇಡ.

ಹಾಗಾದರೆ ನೆಲದ ತೊಟ್ಟಿಯ ಪಕ್ಕದಲ್ಲಿರುವ ಸಣ್ಣ ಪಂಪು ಮೂರನೆಯ ಮಹಡಿಯ ಮೇಲಿನ ಟ್ಯಾಂಕಿಯನ್ನು ಹೇಗೆ ತುಂಬಿಸೀತೆಂದು ತಾಯ್ತಂದೆಗಳು ಕೇಳಬಹುದು. ತೊಟ್ಟಿಯಿಂದ ಪಂಪಿನ ವರೆಗಿನ ನಾಲ್ಕೈದು ಅಡಿ ಮಾತ್ರ ಗಾಳಿಯ ಕೆಲಸ. ಅಲ್ಲಿಂದ ಮೇಲಿನದೆಲ್ಲಾ ಪಂಪಿನ ದೂಡುವಿಕೆ.