ಆರು ಗಜದ ಬಟ್ಟೆಯಲ್ಲಿ ರೋಮ್

ಕಂಪನಿಯ ವಾರ್ಷಿಕೋತ್ಸವ, ಅಪಾರ್ಟ್‌ಮೆಂಟಿನ ಛದ್ಮವೇಷ, ಅರವತ್ತರ ಹುಟ್ಟುಹಬ್ಬದ ಥೀಮ್ ಪಾರ್ಟಿ, ಹವ್ಯಾಸಿ ತಂಡದ ಜೂಲಿಯಸ್ ಸೀಸರ್ ನಾಟಕ. ತಿಲಕ್ ನಗರದ ನಮ್ಮ ಹೊಲಿಗೆ ಅಂಗಡಿಗೆ ರೋಮನ್ ಉಡುಪು ಕೇಳಿಕೊಂಡು ಬರುವವರು ಹೆಚ್ಚಾಗಿ ಇಂಥವಕ್ಕೇ ಬರುತ್ತಾರೆ. ಫೋನಿನಲ್ಲಿ ತೋರಿಸುವ ಚಿತ್ರವೂ ಒಂದೇ: ಹೊಳೆಯುವ ಬಿಳಿ ಗೌನು, ಕೆಂಪು ಪಟ್ಟಿ, ಚಿನ್ನದ ಬಣ್ಣದ ಎಲೆಕಿರೀಟ. ಪಂಚೆ, ಸೀರೆ ಉಟ್ಟು ಬೆಳೆದ ನಮಗೆ ಪ್ಯಾಕೆಟ್ಟಿನಲ್ಲಿ ಬರುವ ಆ ರೆಡಿಮೇಡ್ ಸೆಟ್ಟಿನ ಹಂಗು ಬೇಡವೇ ಬೇಡ.

1. ಮೊದಲು ಪಾತ್ರ, ಆಮೇಲೆ ಬಟ್ಟೆ. ರೋಮಿನಲ್ಲಿ ಉಡುಪು ನೋಡಿದರೇ ಮನುಷ್ಯನ ಸ್ಥಾನಮಾನ ತಿಳಿಯುತ್ತಿತ್ತು. ಅಂಗಿಯ ಮೇಲೆ ಸುತ್ತಿ ಉಡುವ ತೋಗಾ ಪೌರನ ಹಕ್ಕು, ಗುಲಾಮನಿಗೆ ಅದಿಲ್ಲ. ಸೆನೆಟರನ ಒಳ ಅಂಗಿಗೆ ಹೆಗಲಿಂದ ಕೆಳಗಿನವರೆಗೆ ಅಗಲವಾದ ನೇರಳೆ ಪಟ್ಟೆ, ಅವನಿಗಿಂತ ಒಂದು ಮೆಟ್ಟಿಲು ಕೆಳಗಿನವನಿಗೆ ಸಣ್ಣ ಪಟ್ಟೆ. ದೊಡ್ಡ ಅಧಿಕಾರಿಯ ತೋಗಾಕ್ಕೆ ನೇರಳೆ ಅಂಚು, ಸಾವಿನ ಮನೆಯವರಿಗೆ ಮಬ್ಬುಗಪ್ಪು ತೋಗಾ. ತಂಡವಾಗಿ ಬರುವವರಿಗೆ ನಾನು ಹೇಳುವುದಿಷ್ಟು: ಒಬ್ಬರು ಅಂಚಿನ ತೋಗಾ ಉಡಿ, ಇಬ್ಬರು ಮೂವರು ಸಾದಾ ತೋಗಾ ಉಡಿ, ಉಳಿದವರಿಗೆ ಮಂಡಿವರೆಗಿನ ಅಂಗಿ, ಸೊಂಟಕ್ಕೊಂದು ಪಟ್ಟಿ ಸಾಕು. ಖರ್ಚೂ ಉಳಿಯುತ್ತದೆ. ಎಲ್ಲರೂ ಸೀಸರ್ ಆದರೆ ಸೀಸರನನ್ನು ಗುರುತಿಸುವವರು ಯಾರು?

2. ಬಟ್ಟೆ ಬೀಳುವ ಬಗೆಯಲ್ಲೇ ಅರ್ಧ ವೇಷ ಇದೆ. ಅಸಲಿ ತೋಗಾ ಉಣ್ಣೆಯದು. ನಮ್ಮ ಕಲ್ಯಾಣ ಮಂಟಪಗಳ ಲೈಟಿನ ಕೆಳಗೆ ಉಣ್ಣೆ ಉಟ್ಟರೆ ಬೆವರಿ ಸುಸ್ತಾಗುತ್ತದೆ, ಹಾಗಾಗಿ ದಪ್ಪ ಕೋರಾ ಕಾಟನ್ ತೆಗೆದುಕೊಳ್ಳಿ. ಎರಡು ಸಲ ಒಗೆದು ಗಂಜಿ ಬಿಡಿಸಿ. ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ: ಬಟ್ಟೆಯ ನಡುಭಾಗವನ್ನು ಮುಷ್ಟಿಯ ಮೇಲೆ ಹಾಕಿ ಕೈ ಎತ್ತಿ ಹಿಡಿಯಿರಿ. ನೆರಿಗೆ ನೇರವಾಗಿ ಕೆಳಗಿಳಿದರೆ ಒಳ್ಳೆಯದು, ಕೊಡೆಯಂತೆ ಬಿಚ್ಚಿ ನಿಂತರೆ ಬೇಡ. ಸ್ಯಾಟಿನ್ ಹೆಗಲ ಮೇಲೆ ನಿಲ್ಲುವುದೇ ಇಲ್ಲ. ನೀಲಿ ಹಾಕಿದ ಅಚ್ಚಬಿಳುಪೂ ಬೇಡ, ಕೆನೆಬಣ್ಣ ಇರಲಿ. ರೋಮಿಗೂ ಹತ್ತಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಎರಡು ಸಾವಿರ ವರ್ಷದ ಹಿಂದೆಯೇ ನಮ್ಮ ದೇಶದ ಹತ್ತಿಬಟ್ಟೆ ಹಡಗೇರಿ ರೋಮಿಗೆ ಹೋಗುತ್ತಿತ್ತು. ಆ ಕಾಲದ ರೋಮನ್ ಬೆಳ್ಳಿನಾಣ್ಯಗಳು ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ, ನಮ್ಮ ಯಶವಂತಪುರದಲ್ಲೂ ಸಿಕ್ಕಿವೆ.

3. ಹೊಲಿದ ತೋಗಾ ಬೇಡ, ಉಡುವ ತೋಗಾ ಬೇಕು. ಸುಮಾರು 5.5 ಮೀಟರ್ ಉದ್ದ, ಅಂದರೆ ಒಂದು ಸೀರೆಯಷ್ಟು. ಪನ್ನಾ ದೊಡ್ಡದಿರಲಿ. ಒಂದು ಬದಿ ನೇರ ಬಿಟ್ಟು ಎದುರು ಬದಿಯ ಮೂಲೆಗಳನ್ನು ದುಂಡಗೆ ಕತ್ತರಿಸಿ ಪಿಕೋ ಮಾಡಿಸಿ. ಒಂದು ತುದಿಯನ್ನು ಎಡಹೆಗಲ ಮೇಲಿಂದ ಮುಂದಕ್ಕೆ ಪಾದದವರೆಗೆ ಇಳಿಬಿಡಿ. ಉಳಿದದ್ದು ಬೆನ್ನ ಹಿಂದಿನಿಂದ ಬಲಗಂಕುಳ ಕೆಳಗೆ ಬಂದು, ಎದೆಯನ್ನು ಅಡ್ಡ ದಾಟಿ, ಮತ್ತೆ ಎಡಹೆಗಲೇರಿ ಹಿಂದಕ್ಕೆ ಬೀಳಬೇಕು. ಸೆರಗು ಹಿಡಿದು ಅಭ್ಯಾಸವಿರುವ ಹೆಂಗಸರು ಉಡಿಸುವುದನ್ನು ಒಂದೇ ಸಲಕ್ಕೆ ಕಲಿಯುತ್ತಾರೆ. ಗಂಡಸರಿಗೆ ಮನೆಯಲ್ಲಿ ಅಮ್ಮನೋ ಹೆಂಡತಿಯೋ ಉಡಿಸಿಕೊಟ್ಟರೆ ಚೆಂದ. ಎಡಹೆಗಲಲ್ಲಿ ಒಂದು ಪಿನ್ನು, ಅದೂ ಒಳಗಿನ ಅಂಗಿಗೆ ಸೇರಿಸಿ ಹಾಕಿ. ಜೆ.ಪಿ. ನಗರದ ರಂಗಶಂಕರದಂಥ ರಂಗಮಂದಿರದಲ್ಲಿ ಪ್ರೇಕ್ಷಕರು ಮೂರು ಬದಿಯಲ್ಲಿ ಕೂತಿರುತ್ತಾರೆ, ಪಕ್ಕದ ಪಿನ್ನೂ ಕಾಣಿಸುತ್ತದೆ.

4. ಹೆಂಗಸರಿಗೆ ತೋಗಾ ಕೊಡಬೇಡಿ. ಮಾನವಂತ ಗೃಹಿಣಿಯ ಉಡುಪು ಸ್ತೋಲಾ: ಪಾದ ಮುಟ್ಟುವ ಅಂಗಿಯ ಮೇಲೆ ಹೆಗಲಲ್ಲಿ ಕಟ್ಟಿದ ಇನ್ನೊಂದು ನಿಲುವಂಗಿ, ಮೇಲೆ ಪಲ್ಲಾ ಎಂಬ ಹೊದಿಕೆ. ಮನೆಯಲ್ಲಿ ಅಂಚಿಲ್ಲದ ಹಳೇ ಕಾಟನ್ ಸೀರೆ ಇದ್ದರೆ ಪಲ್ಲಾ ಸಿದ್ಧ. ಬಣ್ಣಕ್ಕೆ ಅಂಜಬೇಡಿ. ರೋಮಿನ ಹೆಂಗಸರು ಬಣ್ಣ ಉಡುತ್ತಿದ್ದರು.

5. ನೇರಳೆ ಎಂದರೆ ಬದನೆಕಾಯಿ ಬಣ್ಣವಲ್ಲ. ಸಮುದ್ರದ ಬಸವನಹುಳುವಿನಿಂದ ತೆಗೆದ ಆ ಬಣ್ಣದಲ್ಲಿ ಕೆಂಪಿನ ಛಾಯೆ ಹೆಚ್ಚು. ಮ್ಯಾಚಿಂಗ್ ಸೆಂಟರಿನಲ್ಲಿ ಆ ಬಣ್ಣದ ಸೀರೆ ಫಾಲ್ ಎರಡು ತಂದು ಜೋಡಿಸಿದರೆ ನೇರ ಬದಿಗೆ ಅಂಚಾಯಿತು. ಜರಿ ಹಚ್ಚಬೇಡಿ.

6. ಎಲೆಕಿರೀಟ ಒಂದು ತಂಡಕ್ಕೆ ಒಂದೇ. ಅದು ಗೆದ್ದ ಸೇನಾಪತಿಯ ಗೌರವ. ಸೀಸರ್ ತನ್ನ ಬೋಳುತಲೆ ಮರೆಮಾಡಲು ಅದನ್ನು ಇಷ್ಟಪಟ್ಟು ಧರಿಸುತ್ತಿದ್ದ ಎಂದು ರೋಮಿನ ಲೇಖಕ ಸ್ವೆಟೋನಿಯಸ್ ಬರೆದಿದ್ದಾನೆ, ಕೂದಲು ಕಡಿಮೆಯಾದವರು ಧೈರ್ಯವಾಗಿ ಆ ಪಾತ್ರ ತೆಗೆದುಕೊಳ್ಳಲಿ. ಒಣಗಿದ ಪಲಾವ್ ಎಲೆ ಪುಡಿಯಾಗುತ್ತದೆ, ಹಸಿರು ಬಟ್ಟೆಯ ಎಲೆಗಳನ್ನು ತಂತಿಗೆ ಹೊಲಿಯಿರಿ.

7. ಸೈನಿಕನ ಕವಚ ಫೋಮ್ ಶೀಟಿನದೇ ಇರಲಿ. ತಗಡಿನದು ಕಂಕುಳು ಕೊರೆಯುತ್ತದೆ. ಸೆಂಚುರಿಯನ್, ಅಂದರೆ ದಳನಾಯಕ, ಆಗುವವರ ಶಿರಸ್ತ್ರಾಣದ ತುರಾಯಿ ಕಿವಿಯಿಂದ ಕಿವಿಗೆ ಅಡ್ಡವಾಗಿರಬೇಕು. ಕಾಲಿಗೆ ಕೊಲ್ಹಾಪುರಿ ನಡೆಯುತ್ತದೆ. ಶೂ, ಸಾಕ್ಸ್, ವಾಚು ಬೇಡ.

8. ಉಟ್ಟು ಬದುಕಿ ನೋಡಿ. ಕನ್ನಡಿ ಮುಂದೆ ನಿಂತರೆ ಸಾಲದು. ಕುರ್ಚಿಯಲ್ಲಿ ಕೂತೇಳಿ, ಮೆಟ್ಟಿಲು ಹತ್ತಿ, ಬಫೆ ತಟ್ಟೆ ಹಿಡಿಯಿರಿ. ತೋಗಾದ ಭಾರವೆಲ್ಲ ಎಡತೋಳಿನ ಮೇಲಿರುತ್ತದೆ, ಬಲಗೈ ಊಟಕ್ಕೆ ಬಿಡುವು. ಒಳಗೆ ಅಂಗಿ ಇರಲೇಬೇಕು, ಬರಿಮೈಗೆ ತೋಗಾ ಸುತ್ತಿದರೆ ಮನಸ್ಸು ಪೂರ್ತಿ ಬಟ್ಟೆಯ ಮೇಲೇ ಇರುತ್ತದೆ. ಸ್ಕೂಟರಿನಲ್ಲಿ ಉಟ್ಟುಕೊಂಡು ಹೋಗಲೇಬೇಡಿ. ಚಕ್ರಕ್ಕೆ ಸಿಕ್ಕಿದರೆ ಪ್ರಾಣಕ್ಕೇ ಅಪಾಯ. ಮಡಿಸಿ ಒಯ್ದು ಅಲ್ಲೇ ಉಡಿ.

ಡಿಸೆಂಬರ್‌, ಜನವರಿಯಲ್ಲಿ ಎಲ್ಲ ಕಡೆ ವಾರ್ಷಿಕೋತ್ಸವ, ದರ್ಜಿಗಳಿಗೆ ಕೈ ಬಿಡುವಿರುವುದಿಲ್ಲ. ಹತ್ತು ದಿನ ಮುಂಚೆ ಬನ್ನಿ. ಹೆಗಲಿಂದ ಮಂಡಿವರೆಗಿನ ಅಳತೆ ಮತ್ತು ನಿಮ್ಮ ಪಾತ್ರ ಯಾವುದೆಂಬ ತೀರ್ಮಾನ, ಇವೆರಡನ್ನು ತಂದರೆ ಉಳಿದದ್ದನ್ನು ಯಾವ ಮಾಸ್ಟರಾದರೂ ಹೊಲಿದುಕೊಡುತ್ತಾರೆ.